ಅಪ್ಪನ ಸೆರಗು

ಈಗಲೂ ನಾನು ಹೊಲಕ್ಕೆ ಹೊರಡುವಾಗ ಟವೆಲ್ಲನ್ನು ಹುಬ್ಬಿನ ಮೇಲೆ ಎಳೆದುಕೊಂಡರೆ ಚಿಕ್ಕಂದಿನ ಆ ಮಧ್ಯಾಹ್ನದ ಕಾಲುವೆ ಧೂಳು ಮೂಗಿಗೆ ಬಡಿಯುತ್ತದೆ.

ಹುಣಸಗಿ ಹತ್ತಿರ ಕಾಲುವೆ ಕೆಲಸದಲ್ಲಿದ್ದ ಅಪ್ಪನ ಒಂದು ಕಣ್ಣಿನ ಕರಿಗುಡ್ಡೆಯ ಮೇಲೆ ಹಳದಿ ಪೊರೆ ಕಟ್ಟಿತ್ತು. ಕಲ್ಲು ಕೂಡಿಸಲು ಬಿಗಿದ ದಾರವೂ ಆ ಕಣ್ಣಿಗೆ ಕಾಣುತ್ತಿರಲಿಲ್ಲ.

"ಇದು ಬಿಸಿಲು, ಗಾಳಿ, ಧೂಳಿನ ಕೆಲಸ," ಎಂದರು ಕೂಲಿಗಳ ಕ್ಯಾಂಪಿನ ಡಾಕ್ಟರು. "ನಿನ್ನ ಹೆಂಡ್ತೀನೂ ಅಲ್ಲೇ ದುಡೀತಾಳ. ಸೆರಗು ಎಳಕೊಂಡಿರ್ತಾಳ, ಆಕಿ ಕಣ್ಣು ತಿಳಿ ಅದಾವ. ನೀನೂ ಹಂಗ ಮಾಡು, ಇಲ್ಲಂದ್ರ ಇನ್ನೊಂದೂ ಹೋಗ್ತದ."

"ಗಂಡಸು ಸೆರಗು ಹೊದಿಯೋದೇನ್ರಿ?" ಅಪ್ಪ ಸಿಟ್ಟಾದ.

ಅವ್ವ ಅವನ ರುಮಾಲು ಬಿಚ್ಚಿ, ಹುಬ್ಬು ಮುಚ್ಚುವಂತೆ ಕಟ್ಟಿದಳು.

"ಮದುಮಗಳು ಬಂದಾಳಲೇ!" ಎಂದು ಆ ಮಧ್ಯಾಹ್ನ ಕಾಲುವೆ ಕೆಲಸದವರು ಬಿದ್ದುಬಿದ್ದು ನಕ್ಕರು.

ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕವನ ಮುಂದೆಯೇ ನಿಂತು, ರುಮಾಲು ಸರಿಸಿ, "ಬಾ, ಮದುಮಗಳ ಕಣ್ಣು ನೋಡು," ಎಂದ.

ನಗು ನಿಂತಿತು. ಮರುದಿನ ಕಾಲುವೆಯುದ್ದಕ್ಕೂ ಮೀಸೆ ಹೊತ್ತ ಮದುವಣಗಿತ್ತಿಯರೇ ಗುದ್ದಲಿ ಹಿಡಿದು ನಿಂತಿದ್ದರು.