ಪೆಟ್ರೋಲ್ ಕಳ್ಳ

ಮೆಕ್ಯಾನಿಕ್ ಕಾರಿನ ಕೀ ತಿರುಗಿಸಿ, ಹಿಂದಿನ ಸೀಟಿಗೆ ಕಿವಿಗೊಟ್ಟು, "ಫ್ಯೂಯಲ್ ಪಂಪ್ ಹೋಗಿದೆ ಸಾರ್, ಬದಲಾಯಿಸ್ಬೇಕು" ಅಂದ. ಬರೀ ಕಿವಿಯಲ್ಲಿ ಕೇಳಿ ಹೇಳಿದ್ದನ್ನು ನಂಬುವಷ್ಟು ದಡ್ಡರಲ್ಲ ಹಾಲಪ್ಪನವರು.

"ನನ್ ಕಣ್ಮುಂದೇನೇ ಬಿಚ್ಚು. ಹಳೇ ಪಂಪ್ ನನ್ ಕೈಗೇ ಕೊಡ್ಬೇಕು," ಎಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. "ಡ್ರೈವರ್ ಮಾದೇವನ್ನ ನಂಬಿ ಕೆಟ್ಟೆ. ಟ್ಯಾಂಕಿಂದ ಪೆಟ್ರೋಲ್ ಕದೀತಿದ್ದ. ಹೋದ ತಿಂಗಳು ಕೆಲಸದಿಂದ ಓಡಿಸ್ದೆ."

"ಕದ್ದಿದ್ದು ನೋಡಿದ್ರಾ ಸಾರ್?"

"ನೋಡೋದೇನು ಬಂತು? ಹತ್ರ ಬಂದ್ರೆ ಸಾಕು, ಅವನ ಅಂಗಿಯಿಂದ ಪೆಟ್ರೋಲ್ ವಾಸನೆ ಮೂಗಿಗೆ ಬಡೀತಿತ್ತು. ಈಗ ನಾನೇ ಓಡಿಸ್ತೀನಿ. ಆದ್ರೂ ಕಾರಲ್ಲಿ ಆ ಕಳ್ಳನ ವಾಸನೆ ಇನ್ನೂ ಹೋಗಿಲ್ಲ ನೋಡು."

ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿದ. ಅದರಡಿಯ ಸ್ಪಂಜು ಪೆಟ್ರೋಲಿನಲ್ಲಿ ತೊಯ್ದುಹೋಗಿತ್ತು. ಸೀಟಿನ ಕೆಳಗಿದ್ದ ಟ್ಯಾಂಕಿನಿಂದ ಪಂಪ್ ಬಿಚ್ಚಿ, ಒರೆಸಿ, ಹೇಳಿದಂತೆಯೇ ಅವರ ಕೈಗಿಟ್ಟ. ಮೇಲಿನ ಮುಚ್ಚಳ ಸೀಳಿ ಬಾಯಿ ಬಿಟ್ಟಿತ್ತು.

"ಇದು ಸೋರೋಕೆ ಶುರುವಾಗಿ ತಿಂಗಳುಗಟ್ಟಲೆ ಆಗಿದೆ ಸಾರ್."

ಹಾಲಪ್ಪನವರು ಪಂಪನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿಂಗೆ ಹೇಗೆ ಗೊತ್ತು?"

"ನೀವು ಆಗ್ಲೇ ಕಾರಿಳಿದು ಹತ್ರ ಬಂದ್ರಲ್ಲ, ನಿಮ್ ಅಂಗಿಯಿಂದ್ಲೇ ಗೊತ್ತಾಯ್ತು."