ಅಪ್ಪ ತುಂಬಿದ ತೋಟೆ

ಪರದೇಶದ ಗ್ರೀನ್‌ಫರ್ಡ್‌ನಲ್ಲಿ ನನ್ನ ಅಳಿಯ ಶೆಡ್ಡಿನೊಳಗೆ ಬೆಂಚು ಹಾಕಿಕೊಂಡು ಶೂಟಿಂಗ್ ಕ್ಲಬ್ಬಿಗೆ ಬೇಕಾದ ಬಂದೂಕಿನ ತೋಟೆ ತಾನೇ ತುಂಬುತ್ತಾನೆ. ಆ ಮದ್ದಿನ ವಾಸನೆಗೆ ಕೊಡಗಿನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಒಳಗೆ ಅವ್ವನಿಗೆ ಹೆರಿಗೆ ನೋವು. ಅಪ್ಪ ಜಗಲಿಯಲ್ಲಿ ಹಲಗೆ ಹಾಕಿಕೊಂಡು ಹಳೇ ತೋಟೆಯೊಂದಕ್ಕೆ ಮದ್ದು ತುಂಬುತ್ತಿದ್ದರು. ಗಂಡು ಹುಟ್ಟಿದರೆ ಅಂಗಳದಲ್ಲಿ ಕೋವಿ ಹಾರಿಸುವುದು ನಮ್ಮಲ್ಲಿ ಪದ್ಧತಿ. ನಾನು ಹುಟ್ಟಿದಾಗ ಹಾರಿಸಿರಲಿಲ್ಲ.

ಅಜ್ಜಿ ಬಾಗಿಲಿಗೆ ಬಂದು, "ಇದೂ ಹೆಣ್ಣೇ. ಎತ್ತಿಡು ಅದನ್ನ," ಎಂದರು.

ಅಪ್ಪ ತೋಟೆಯನ್ನು ಡಬ್ಬಿಗೆ ಹಾಕಿದರು. ಒಳಗಿನಿಂದ ಅವ್ವ, "ಸತ್ತರೆ ಹೆಣ್ಣಿಗೂ ಊರಿಗೆ ತಿಳಿಯೋ ಹಾಗೆ ಎರಡು ಗುಂಡು ಹೊಡೀತೀರಲ್ಲ. ಹುಟ್ಟಿದ್ದಕ್ಕೆ ಒಂದು ಹೊಡೆದರೆ ಏನು ಕಳ್ಕೊಳ್ತೀರಿ?" ಎಂದಳು.

ಅಪ್ಪ ಡಬ್ಬಿಯಿಂದ ಆ ತೋಟೆ ತೆಗೆದು ಕೋವಿಗೆ ಹಾಕಿ, ಅಂಗಳಕ್ಕಿಳಿದು ಗುಂಡು ಹೊಡೆದರು. ಗಂಡು ಹುಟ್ಟಿತೆಂದು ನೆರೆಯವರು ಓಡಿಬಂದರು. ಅಜ್ಜಿ ಮುನಿಸಿಕೊಂಡು ಒಳಗೆ ಕೂತವರು ಏಳಲಿಲ್ಲ; ಅಪ್ಪನೇ ಕಾಫಿ ಕಾಸಿ ತಂದು, "ಹೆಣ್ಣುಮಗು. ಕುಡೀರಿ," ಎಂದರು.