ರಜೆ ಹಾಕಿದ ಮೂಗು

ಎಡಗಡೆಯ ಲೋಟವನ್ನು ಮೂಗಿಗೆ ಹಿಡಿದು ಮೂಗಪ್ಪನವರು ಉಸಿರೆಳೆದರು. ಸುಟ್ಟ ಸಕ್ಕರೆಯ ವಾಸನೆ. ಬಲಗಡೆಯದನ್ನು ಹಿಡಿದರು. ಅದೇ. ಅದರಾಚೆಗೆ ಏನೂ ಇಲ್ಲ.

“ಯಾವುದು ದುಬಾರಿದು, ಯಾವುದು ಅಗ್ಗದ್ದು? ಹೇಳಿ ಮಾವ,” ಎಂದಳು ಸೊಸೆ. ಮಗ ಮೇಜಿನಾಚೆ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

ಮೂಗಪ್ಪನವರು ಕಣ್ಣು ಮುಚ್ಚಿದರು. ನೋಡುವವರಿಗೆ ಅದು ಧ್ಯಾನ. ಅಸಲಿಗೆ ಹುಬ್ಬಿನ ಬೆವರು ಕಣ್ಣಿಗಿಳಿಯುತ್ತಿತ್ತು.

“ಎಡಗಡೇದು ದುಬಾರಿ. ಹಳೇ ಪೀಪಾಯಿ, ಒಣದ್ರಾಕ್ಷಿ, ಕೊನೇಲಿ ಒಂಚೂರು ಹೊಗೆ. ಬಲಗಡೇದು ಕೊಟ್ಟ ಬೆಲೆಗೆ ಮೋಸ ಇಲ್ಲ, ಆದರೆ ನಾಲಿಗೆ ಮೇಲೆ ನಿಲ್ಲಲ್ಲ. ವಿಸ್ಕಿ ಅಂದ್ರೆ ನೆಂಟರ ಹಾಗೆ ನಾಲ್ಕು ಗಳಿಗೆ ಕೂರಬೇಕು. ಇದು ಪೋಸ್ಟಿನವನ ಹಾಗೆ, ಬಾಗಿಲಿಂದಲೇ ವಾಪಸ್ಸು.”

“ಸರಿ ಮಾವ! ಇವತ್ತೂ ಸರಿ!”

ಎಂಟು ತಿಂಗಳಲ್ಲಿ ಅವರ ಊಹೆ ಒಂದು ದಿನವೂ ತಪ್ಪಿರಲಿಲ್ಲ. ಅದೃಷ್ಟ ಇಷ್ಟು ನಿಯತ್ತಾಗಿ ಕೆಲಸಕ್ಕೆ ಬರುವುದನ್ನು ಅವರು ಎಲ್ಲೂ ಕಂಡವರಲ್ಲ. ನಾಳೆ ಕೈಕೊಡುತ್ತದೆ, ನಾಳೆ ಕೈಕೊಡುತ್ತದೆ ಎಂದು ದಿನವೂ ನಡುಗುತ್ತಿದ್ದರು.

ಮೂಗಪ್ಪ ಎನ್ನುವುದು ವಿಸ್ಕಿ ಕಾರ್ಖಾನೆಯ ಕೆಲಸಗಾರರು ಇಟ್ಟ ಹೆಸರು. ಮೂವತ್ತನಾಲ್ಕು ವರ್ಷ ಅಲ್ಲಿನ ರುಚಿ ನೋಡುವ ಕೋಣೆಯಲ್ಲಿ, ಒಂದೇ ಕುರ್ಚಿಯಲ್ಲಿ, ಯಾವ ಪೀಪಾಯಿಯದು ಯಾವ ಬೆಲೆಗೆ ತಕ್ಕದ್ದೆಂದು ಅವರು ಹೇಳಿದ್ದೇ ಕೊನೆಯ ಮಾತು. ಆಮೇಲೆ ಎದೆನೋವು, ಮೂರು ವಾರ ಆಸ್ಪತ್ರೆ. ಮನೆಗೆ ಬಂದ ಮೊದಲ ಸಂಜೆಯೇ ಗೊತ್ತಾಗಿಹೋಯಿತು. ತಾವೇ ವರ್ಷಗಟ್ಟಲೆ ಕೂಡಿಟ್ಟ ಕಪಾಟಿನ ಬಾಟಲಿಗಳಿಂದ ಸೊಸೆ ಬೆರೆಸಿ ತಂದ ಲೋಟಗಳಲ್ಲಿ ಒಂದೂ ಅವರೊಡನೆ ಮಾತಾಡಲಿಲ್ಲ.

ವಿಚಿತ್ರವೆಂದರೆ ಕೆಳಮನೆಗೆ ಬಳಿದ ಹೊಸ ಬಣ್ಣ, ಮಗನ ಕಾಲುಚೀಲ, ಉಕ್ಕಿ ಸೀದ ಹಾಲು, ಎಲ್ಲ ಮೂಗಿಗೆ ಬಡಿಯುತ್ತಿದ್ದವು. ಮೂಗು ಮನೆವಾರ್ತೆಗೆ ಹಾಜರು, ಕಸುಬಿಗೆ ಮಾತ್ರ ರಜೆ. ನಾಲ್ಕು ಬಣ್ಣದ ಮಾತ್ರೆಗಳದ್ದೇ ಈ ಕಿತಾಪತಿ ಎಂದು ಅವರು ತೀರ್ಮಾನಿಸಿದರು. ಲೋಟ ನೀರಿಗೆ ಒಂದೇ ಚಮಚ ವಿಸ್ಕಿ, ಇದು ಡಾಕ್ಟರ ಕಟ್ಟಪ್ಪಣೆ ಎಂದು ಸೊಸೆ ಬೇರೆ ಹೇಳಿದ್ದಳು. ಕಪಾಟಿನ ಕೀಲಿ ಅವಳ ಬಳಿಯೇ, ಅಳೆದು ಬೆರೆಸುವುದೂ ಅವಳದೇ ಕೆಲಸ. ಔಷಧಿ ಅಂಗಡಿಯಲ್ಲಿ ಪಳಗಿದ ಕೈ.

ಯಾರಿಗೆ ಹೇಳುವುದು? ಡಾಕ್ಟರಿಗೆ ಹೇಳಿದರೆ ಆ ಚಮಚಕ್ಕೂ ಕುತ್ತು. ಸೊಸೆಗೆ ಹೇಳೋಣವೆಂದರೆ, ಲೋಟ ಎತ್ತಿದಾಗಲೆಲ್ಲ ಅವಳು ಉಸಿರು ಬಿಗಿಹಿಡಿದು ಮುಖವನ್ನೇ ನೋಡುತ್ತಾಳೆ. ಅಷ್ಟು ನಂಬಿದವಳಿಗೆ ಹೇಗೆ ಹೇಳುವುದು? ಮೂರನೇ ಮಹಡಿ. ಮೆಟ್ಟಿಲು ಇಳಿಯಕೂಡದು. ಎರಡು ಕೋಣೆ, ಒಂದು ಕಿಟಕಿ, ದಿನಕ್ಕೊಂದು ಸುಳ್ಳು.

ಅಷ್ಟರಲ್ಲಿ ಅವರ ಕೈಕೆಳಗೆ ಕಸುಬು ಕಲಿತ ಶಿಷ್ಯನ ಫೋನು ಬಂತು. ಈಗ ಕಾರ್ಖಾನೆಯಲ್ಲಿ ಅವನದೇ ಉಸ್ತುವಾರಿ.

“ಭಾನುವಾರ ಬರ್ತೀನಿ ಸಾರ್. ನಮ್ಮ ಹೊಸ ಮಾಲು, ಎದುರಾಳಿ ಮಾಲು, ಎರಡೂ ತರ್ತೀನಿ. ನೀವು ನೋಡಿ ಹೇಳಿದ್ರೆ ಮುಗೀತು, ವಾರಕ್ಕೆ ಮೂರು ದಿನ ಕಾರು ಕಳಿಸ್ತಾರಂತೆ, ಮೆಟ್ಟಿಲಿಂದ ಎತ್ತಿ ಇಳಿಸೋಕೆ ಇಬ್ಬರು ಆಳೂ ಬರ್ತಾರಂತೆ. ಆ ಕುರ್ಚಿಗೆ ಇನ್ನೂ ಯಾರನ್ನೂ ಕೂರಿಸಿಲ್ಲ ಸಾರ್.”

ಆ ಕುರ್ಚಿ ಮೂಗಪ್ಪನವರ ಕಣ್ಣಿಗೆ ಕಟ್ಟಿತು. ಈ ಕಿಟಕಿಯಿಂದ ಆಚೆ ಹೋಗಲು ಅದೊಂದೇ ದಾರಿ. ಆದರೆ ಶಿಷ್ಯನ ಮುಂದೆ ಊಹೆ ನಡೆಯದು. ಅವನ ಮೂಗನ್ನು ತಯಾರು ಮಾಡಿದವರು ಮೂಗಪ್ಪನವರೇ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿಷ್ಯ ಬಂದ. ಸೀಲು ಒಡೆಯದ ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟ.

“ಮಾವಂಗೆ ಯಾಕೋ ಸುಸ್ತು. ಇನ್ನೊಂದಿನ ಇಟ್ಕೊಳ್ಳೋಣ,” ಎಂದಳು ಸೊಸೆ. ಅವಳ ಮುಖ ಬಿಳಿಚಿತ್ತು.

ಇವಳಿಗೆ ನನ್ನ ಅಳುಕು ತಿಳಿದುಹೋಗಿದೆ, ಪಾಪ, ಕಾಪಾಡಲು ನೋಡುತ್ತಿದ್ದಾಳೆ ಎಂದುಕೊಂಡರು ಮೂಗಪ್ಪನವರು. ಶಿಷ್ಯನ ಹೆಬ್ಬೆರಳು ಮುಚ್ಚಳದ ಮೇಲಿತ್ತು. ಅದರ ಮೇಲೆ ತಮ್ಮ ಕೈ ಇಟ್ಟರು.

“ಬಿಚ್ಚಬೇಡಪ್ಪ. ನನ್ನ ಮೂಗು ಸತ್ತು ಎಂಟು ತಿಂಗಳಾಯ್ತು.”

ಶಿಷ್ಯ ನಕ್ಕ. ಗುರುವಿನ ಮುಖ ನೋಡಿ ನಗು ನುಂಗಿದ. “ಮನೇಲಿ ದಿನಾ ಸರಿಯಾಗಿ ಹೇಳ್ತೀರಂತೆ?”

“ಬರೀ ಬುರುಡೆ. ಇವರೆಲ್ಲ ಬಾಯಿ ಬಿಟ್ಕೊಂಡು ಕೇಳೋರು, ನಾನು ಬಿಡೋನು.”

“ಅಪ್ಪಾ, ಅದು…” ಎಂದು ಮಗ ಬಾಯಿ ತೆರೆದ.

“ನೀವು ಸುಮ್ಮನಿರಿ,” ಎಂದಳು ಸೊಸೆ. ಮಗ ಅವಳ ಮುಖ ನೋಡಿದ. ಅವಳು ನೆಲ ನೋಡಿದಳು.

ತಡ ಮಾಡಿದರೆ ಮನಸ್ಸು ತಿರುಗೀತೆಂದು ಮೂಗಪ್ಪನವರು ಅಲ್ಲಿಂದಲೇ ಮಾಲೀಕರಿಗೆ ಫೋನು ಮಾಡಿದರು. ಕುರ್ಚಿ ಶಿಷ್ಯನಿಗೆ ಕೊಡಿ, ನನ್ನ ಕಾಯಬೇಡಿ ಎಂದರು. ಮಾಲೀಕರು ಎರಡು ವಾಕ್ಯ ಮರುಗಿ, ಮೂರನೆಯದರಲ್ಲಿ ಫೋನನ್ನು ಶಿಷ್ಯನಿಗೆ ಕೊಡಲು ಹೇಳಿದರು. ಅಲ್ಲಿಗೆ ಮೂವತ್ತನಾಲ್ಕು ವರ್ಷ ಮುಗಿಯಿತು.

ಹೊರಡುವಾಗ ಶಿಷ್ಯ ಹೊಸ ಮಾಲಿನ ಬಾಟಲಿಯನ್ನು ಅಲ್ಲೇ ಬಿಟ್ಟ. “ಜ್ಞಾಪಕಕ್ಕೆ ಇರಲಿ ಸಾರ್.” ಮಗ ಅವನನ್ನು ಕೆಳಗಿನವರೆಗೆ ಕಳಿಸಲು ಹೋದ. ಸೊಸೆ ಒಳಗೆ ಹೋದಳು.

ಮೂಗಪ್ಪನವರಿಗೆ ಎದೆ ಹಗುರವಾಗಿತ್ತು. ಇನ್ನು ಯಾರ ಮುಂದೆಯೂ ಕಣ್ಣು ಮುಚ್ಚಿ ನಟಿಸಬೇಕಿಲ್ಲ. ಕುಡಿಯುವುದಕ್ಕಲ್ಲ, ಕಸುಬಿಗೆ ಒಂದು ನಮಸ್ಕಾರ ಹೇಳುವುದಕ್ಕೆಂದು ಮುಚ್ಚಳ ತಿರುವಿದರು.

ಮೊದಲು ಪೀಪಾಯಿಯ ಮರ ಬಂತು. ಅದರ ಬೆನ್ನಿಗೇ ಜೇನು, ಲವಂಗ, ಒದ್ದೆ ಹುಲ್ಲು. ಬಾಟಲಿಯ ಚೀಟಿಯಲ್ಲಿ ಬರೆದಂತೆ ಪೀಪಾಯಿಯಲ್ಲಿ ಹತ್ತು ವರ್ಷ ಕೂತ ಮಾಲಲ್ಲ, ಎಂಟೇ. ಚೀಟಿಯ ಮೇಲಿನ ಬೆಲೆ ಹೆಚ್ಚಾಯಿತು. ಮೂಗು ಒಂದೇ ಉಸಿರಿಗೆ ಇಷ್ಟನ್ನೂ ಒಪ್ಪಿಸಿತು. ಅವರು ಬಾಟಲಿಯನ್ನು ಮತ್ತೆ ಮೂಗಿಗೆ ಹಿಡಿದರು.

“ಮುಚ್ಚಿಬಿಡಿ ಮಾವ,” ಬಾಗಿಲಲ್ಲಿ ನಿಂತ ಸೊಸೆ ಅಳುತ್ತಿದ್ದಳು, “ಒಂದು ಹನಿ ಒಳಗೆ ಹೋದರೂ ನೀವು ಉಳಿಯಲ್ಲ ಅಂದಿದ್ರು ಡಾಕ್ಟರು, ಎಂಟು ತಿಂಗಳಿಂದ ಎರಡೂ ಲೋಟದಲ್ಲಿ ನಾನು ನಿಮಗೆ ಕೊಡ್ತಾ ಇದ್ದದ್ದು ಸುಟ್ಟ ಸಕ್ಕರೆ ನೀರು.”